ಮೆಮೊರಿ ಕಾರ್ಡಿನ ಅಂಕಿಗಳು ಹೇಳುವುದೇನು?

ಮೊಬೈಲ್ ಫೋನಿನೊಳಗೆ ಸೇರಿಸುವ ಮೆಮೊರಿ ಕಾರ್ಡನ್ನು ನೀವೆಲ್ಲರೂ ನೋಡಿದ್ದೀರಿ. ಉದ್ದ 15 ಮಿಲಿಮೀಟರು, ಅಗಲ 11 ಮಿಲಿಮೀಟರು, ದಪ್ಪ 1 ಮಿಲಿಮೀಟರು. ತೂಕ ಅರ್ಧ ಗ್ರಾಮನ್ನೂ ಮುಟ್ಟುವುದಿಲ್ಲ. ಹೆಬ್ಬೆರಳಿನ ಉಗುರಿನಷ್ಟಿರುವ ಈ ಕರಿಯ ಚೂರಿನ ಮೈಮೇಲೆ ಅಚ್ಚಾಗಿರುವ ಅಕ್ಷರ, ಅಂಕಿ, ಚಿಹ್ನೆಗಳನ್ನು ಎಣಿಸುತ್ತ ಹೋದರೆ ಹತ್ತು ಹನ್ನೆರಡಾದರೂ ಸಿಕ್ಕುತ್ತವೆ. ಇಷ್ಟು ಕಿರಿದಾದ ಜಾಗದಲ್ಲಿ ಇಷ್ಟೊಂದು ಮಾತು ಕೆತ್ತಿಸಿಕೊಂಡ ಶಾಸನ ಬೇರೊಂದು ಇರಲಾರದೆಂದು ನನಗೆ ಅನ್ನಿಸುವುದುಂಟು. ಊರ ಮುಂದಿನ ಶಾಸನಕ್ಕೆ ಆಗುವುದೇ ಇದಕ್ಕೂ ಆಗಿದೆ. ಎಲ್ಲರೂ ನೋಡುತ್ತಾರೆ, ಓದುವವರು ಮಾತ್ರ ವಿರಳ.

ನಾನಿರುವ ಹಾರೋಹಳ್ಳಿ ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ಹೆದ್ದಾರಿಯ ಮೇಲಿನ ಊರು. ಒಂದು ಕಡೆ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ರಾಗಿಯ ಹೊಲ, ಹಿಪ್ಪುನೇರಳೆಯ ತೋಟ. ಇಲ್ಲಿನ ಫೋನಿನ ಅಂಗಡಿಗಳ ಮುಂದೆ ಸಂಜೆಯ ಹೊತ್ತು ನಿಂತಿದ್ದರೆ ಒಂದು ದೂರು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: “ಕಾರ್ಡ್ ಮೇಲೆ ನೂರು ಅಂತ ಬರ್ದವ್ರೆ, ಹತ್ತೂ ಓಡಲ್ಲ.” ಮದುವೆಯ ವಿಡಿಯೊ ತೆಗೆಯುವ ಹುಡುಗರದೂ ಇದೇ ಮಾತು, ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದು ಸಿನಿಮಾ ತುಂಬಿಸಿಕೊಳ್ಳುವವರದೂ ಇದೇ ಮಾತು. ಅಂಗಡಿಯವರ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: “ಕಾರ್ಡ್ ಹೋಗಿದೆ, ಹೊಸದು ತಗೊಳ್ಳಿ.” ದೂರಿನಲ್ಲಿ ನಿಜವುಂಟು. ಉತ್ತರ ಮಾತ್ರ ಬಹುಪಾಲು ಸಂದರ್ಭಗಳಲ್ಲಿ ಸರಿಯಲ್ಲ. ಏಕೆ ಸರಿಯಲ್ಲ ಎಂಬುದನ್ನು ನನಗೆ ತಿಳಿದಮಟ್ಟಿಗೆ ಬಿಡಿಸಿ ಹೇಳುವುದು ಈ ಭಾಷಣದ ಉದ್ದೇಶ.

ನನ್ನ ಅಕ್ಕನ ಮಗನೊಬ್ಬ ಈ ಭಾಗದ ಶಾಲೆಯೊಂದರಲ್ಲಿ ಉಪಾಧ್ಯಾಯ. ಸುತ್ತಲ ಹಳ್ಳಿಗಳ ವಯಸ್ಸಾದ ಹೆಂಗಸರಿಂದ ಸೋಬಾನೆಯ ಪದಗಳನ್ನೂ ಬೀಸುವ ಪದಗಳನ್ನೂ ಹಾಡಿಸಿ, ಫೋನಿನಲ್ಲಿ ಚಿತ್ರಸಹಿತ ಮುದ್ರಿಸಿಕೊಳ್ಳುವುದು ಅವನ ಹವ್ಯಾಸ. ಅವನೊಮ್ಮೆ ಫೋನನ್ನೂ ಲ್ಯಾಪ್‌ಟಾಪನ್ನೂ ಹಿಡಿದು ನಮ್ಮ ಮನೆಗೆ ಬಂದ. “ಮಾವ, ಕಾರ್ಡು ಕೈಕೊಡೋ ಹಾಗಿದೆ. ನಲವತ್ತೆಂಟು ಜಿಬಿ ಕಾಪಿ ಮಾಡೋಕೆ ಆರು ಗಂಟೆ ಅಂತ ತೋರಿಸ್ತಿದೆ. ಅಂಗಡಿಯವರು ಫಾರ್ಮ್ಯಾಟ್ ಮಾಡಿ, ಸರಿಹೋಗುತ್ತೆ ಅಂತಾರೆ” ಎಂದ. ಫಾರ್ಮ್ಯಾಟ್ ಮಾಡುವುದೆಂದರೆ ಕಾರ್ಡಿನಲ್ಲಿರುವುದನ್ನೆಲ್ಲ ಒರೆಸಿ ಹಾಕುವುದು. ಆ ಕಾರ್ಡಿನಲ್ಲಿ ಹಾಡಿದ್ದ ಅಜ್ಜಿಯೊಬ್ಬರು ಹಿಂದಿನ ವರ್ಷವಷ್ಟೆ ತೀರಿಕೊಂಡಿದ್ದರು. ಅವರ ದನಿ ಉಳಿದಿದ್ದುದು ಅದೊಂದರಲ್ಲೇ. ಆದುದರಿಂದ ಅಲ್ಲಿ ವೇಗದ ಪ್ರಶ್ನೆ ಕಾಯುವ ಬೇಸರದ ಪ್ರಶ್ನೆಯಷ್ಟೇ ಆಗಿರಲಿಲ್ಲ. ನಿಧಾನವಾಗಿ ನಡೆಯುತ್ತಿರುವ ಯಂತ್ರವನ್ನು ಕೆಟ್ಟ ಯಂತ್ರವೆಂದು ಬಗೆದು, ರಿಪೇರಿಯ ಹೆಸರಿನಲ್ಲಿ ಒಳಗಿನ ಸರಕನ್ನೇ ಕಳೆದುಕೊಳ್ಳುವ ಅಪಾಯ ಎದುರಿಗಿತ್ತು.

ಅವನ ಲೆಕ್ಕವೇನೋ ಸರಿಯಾಗಿಯೇ ಇತ್ತು. 48 ಗಿಗಾಬೈಟು ಎಂದರೆ 48,000 ಮೆಗಾಬೈಟು. ಕಾರ್ಡಿನ ಪೊಟ್ಟಣದ ಮೇಲೆ ಸೆಕೆಂಡಿಗೆ 100 ಮೆಗಾಬೈಟು ಎಂದಿದೆ. ಭಾಗಿಸಿದರೆ 480 ಸೆಕೆಂಡು, ಅಂದರೆ ಎಂಟೇ ನಿಮಿಷ. ಈ ಎಂಟು ನಿಮಿಷ ಆರು ಗಂಟೆಯಾದುದು ಹೇಗೆ?

ಮೊದಲು ಆ 100 ಎಂಬ ಅಂಕಿಯನ್ನೇ ವಿಚಾರಿಸೋಣ. ಪೊಟ್ಟಣವನ್ನು ಸೂಕ್ಷ್ಮವಾಗಿ ನೋಡಿದರೆ ಅದರ ಪಕ್ಕದಲ್ಲಿ ‘ವರೆಗೆ’ ಎಂಬ ಅರ್ಥದ ಸಣ್ಣ ಮಾತೊಂದು ಇದ್ದೇ ಇರುತ್ತದೆ. ನೂರರವರೆಗೆ ಎಂದರೆ ನೂರನ್ನು ಮೀರುವುದಿಲ್ಲ ಎಂಬ ಅರ್ಥವೇ ಹೊರತು ನೂರಕ್ಕಿಂತ ಕಡಿಮೆಯಾಗುವುದಿಲ್ಲ ಎಂದಲ್ಲ. ಎರಡನೆಯದಾಗಿ, ಅದು ಓದುವ ವೇಗ. ಕಾರ್ಡಿನಿಂದ ಹೊರಕ್ಕೆ ಸರಕು ಬರುವ ವೇಗ. ಒಳಕ್ಕೆ ಬರೆಯುವ ವೇಗ ಇದಕ್ಕಿಂತ ಕಡಿಮೆ, ಅಗ್ಗದ ಕಾರ್ಡುಗಳಲ್ಲಿ ಬಹಳ ಕಡಿಮೆ. ಮೂರನೆಯದಾಗಿ, ಅದು ತಯಾರಕರು ತಮ್ಮ ಪ್ರಯೋಗಶಾಲೆಯಲ್ಲಿ, ತಕ್ಕ ಉಪಕರಣದ ಮೂಲಕ, ಒಂದೇ ದೊಡ್ಡ ಫೈಲನ್ನು ಓಡಿಸಿ ಅಳೆದುಕೊಂಡ ಅಂಕಿ. ಹೆದ್ದಾರಿಯಲ್ಲಿ ಬೆಳಗಿನ ಜಾವ ಖಾಲಿ ಬಸ್ಸು ಎಷ್ಟು ಓಡೀತು ಎಂದು ಹೇಳಿದಂತೆ. ಸಂತೆಯ ದಿನ ಅದೇ ಬಸ್ಸಿನಲ್ಲಿ ಕುಳಿತವನಿಗೆ ಆ ಅಂಕಿಯಿಂದ ಏನು ಪ್ರಯೋಜನ?

ಹಾಗಾದರೆ ಕಾರ್ಡಿನ ಮೇಲೆ ನೆಚ್ಚಬಹುದಾದ ಮಾತು ಒಂದೂ ಇಲ್ಲವೆ? ಇದೆ. ಅದನ್ನು ದೊಡ್ಡ ಅಕ್ಷರದಲ್ಲಿ ಬರೆಯುವುದಿಲ್ಲ, ಅಷ್ಟೆ. ಎಸ್‌ಡಿ ಕಾರ್ಡು ಎಂಬ ಈ ಜಾತಿಯನ್ನು 1999ರಲ್ಲಿ ರೂಪಿಸಿದವು ಪ್ಯಾನಸೋನಿಕ್, ತೋಷಿಬಾ, ಸ್ಯಾನ್‌ಡಿಸ್ಕ್ ಎಂಬ ಮೂರು ಸಂಸ್ಥೆಗಳು. ಅದರ ಮರುವರ್ಷ, ಎಲ್ಲ ತಯಾರಕರೂ ಒಪ್ಪಿ ನಡೆಯಬೇಕಾದ ಕಟ್ಟಳೆಗಳನ್ನು ಗೊತ್ತುಮಾಡಲು ಎಸ್‌ಡಿ ಅಸೋಸಿಯೇಷನ್ ಎಂಬ ಕೂಟ ಹುಟ್ಟಿತು. ವೇಗಕ್ಕೆ ಸಂಬಂಧಿಸಿದ ಸಣ್ಣ ಸಣ್ಣ ಮುದ್ರೆಗಳು ಈ ಕೂಟದವು. ನಿಮ್ಮಲ್ಲಿ ಕಾರ್ಡಿದ್ದರೆ ಬೆಳಕಿಗೆ ಹಿಡಿದು ನೋಡಬಹುದು. ವಯಸ್ಸಾದವರು ಭೂತಗನ್ನಡಿಯನ್ನು ಬಳಸುವುದು ಒಳಿತು, ನಾನೂ ಬಳಸುತ್ತೇನೆ.

ಇಂಗ್ಲಿಷಿನ ‘ಸಿ’ ಅಕ್ಷರದ ಹೊಟ್ಟೆಯೊಳಗೆ 2, 4, 6, 10 ಇವುಗಳಲ್ಲಿ ಒಂದು ಅಂಕಿ ಕುಳಿತಿದ್ದರೆ, ಕಾರ್ಡು ಸೆಕೆಂಡಿಗೆ ಕನಿಷ್ಠ ಅಷ್ಟು ಮೆಗಾಬೈಟನ್ನು ಎಡೆಬಿಡದೆ ಬರೆದುಕೊಳ್ಳುತ್ತದೆ ಎಂದು ಅರ್ಥ. ‘ಯು’ ಅಕ್ಷರದ ಬಟ್ಟಲಿನಲ್ಲಿ 1 ಇದ್ದರೆ ಆ ಕನಿಷ್ಠ 10, ಅಂಕಿ 3 ಇದ್ದರೆ 30. ‘ವಿ’ ಎಂಬ ಅಕ್ಷರದ ಮುಂದೆ 6, 10, 30, 60, 90 ಎಂದಿದ್ದರೆ ಲೆಕ್ಕ ಇನ್ನೂ ಸುಲಭ, ಅಂಕಿಯೇ ವೇಗ. ಈ ಕೊನೆಯದು 2016ರಲ್ಲಿ ವಿಡಿಯೊ ತೆಗೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದದ್ದು. ಮೂರು ಬಗೆಯ ಮುದ್ರೆಗಳೂ ಒಂದೇ ಮಾತನ್ನು ಹೇಳುತ್ತವೆ: ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಪೊಟ್ಟಣದ ದೊಡ್ಡ ಅಂಕಿ ಮಾಳಿಗೆಯ ಎತ್ತರವನ್ನು ಹೊಗಳುತ್ತದೆ. ಈ ಪುಟ್ಟ ಅಂಕಿಗಳು ನೆಲ ಎಲ್ಲಿದೆ ಎಂದು ತೋರಿಸುತ್ತವೆ. ಕೊಳ್ಳುವವನು ಕೇಳಬೇಕಾದದ್ದು ನೆಲವನ್ನು. ಒಂದೇ ಮಾತಿಗೆ ಮೂರು ಮುದ್ರೆಗಳೇಕೆ ಎಂದರೆ, ಹಳೆಯದನ್ನು ತೆಗೆದುಹಾಕುವ ಮನಸ್ಸು ಕೂಟಕ್ಕೆ ಬಾರದೆ ಹೊಸದನ್ನು ಪಕ್ಕದಲ್ಲಿ ಕೂರಿಸುತ್ತ ಹೋದದ್ದರಿಂದ. ನಮ್ಮ ಸರ್ಕಾರಿ ನಮೂನೆಗಳನ್ನು ತುಂಬಿದವರಿಗೆ ಇದೇನೂ ಹೊಸದಲ್ಲ.

ಇಲ್ಲಿ ಒಂದು ತೊಡಕನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಕಾರ್ಡಿನ ಮೇಲೆ ರೋಮನ್ ಅಂಕಿಯ ಒಂಟಿಗೀಟಿನ ಒಂದು ಕೂಡ ಇರುತ್ತದೆ. ಅದು ‘ಯು’ವಿನೊಳಗಿನ ಒಂದಲ್ಲ. ರೋಮನ್ ಒಂದು ಹೇಳುವುದು ದಾರಿಯ ಅಗಲವನ್ನು: ಕಾರ್ಡಿಗೂ ಯಂತ್ರಕ್ಕೂ ನಡುವಿನ ಆ ದಾರಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 104 ಮೆಗಾಬೈಟು ಸಾಗಬಹುದು. ರೋಮನ್ ಎರಡು ಎಂದಿದ್ದರೆ 312. ಆ ಕಾರ್ಡಿನ ಬೆನ್ನಿನಲ್ಲಿ ಲೋಹದ ಪಟ್ಟಿಗಳ ಎರಡನೆಯ ಸಾಲೊಂದು ಇರುತ್ತದೆ. ದಾರಿಯ ಅಗಲ ಬೇರೆ, ಗಾಡಿಯ ಕನಿಷ್ಠ ವೇಗದ ಭರವಸೆ ಬೇರೆ. ಎರಡಕ್ಕೂ ‘ಒಂದು’ ಎಂದೇ ಹೆಸರಿಟ್ಟವರು ಕೊಳ್ಳುವವನ ಪಾಡನ್ನು ಯೋಚಿಸಲಿಲ್ಲವೆಂದು ಕಾಣುತ್ತದೆ. ರೋಮನ್ ಒಂದರ ದಾರಿಗೆ 104ರ ಮಿತಿಯಿದ್ದರೂ ಪೇಟೆಯಲ್ಲಿ 160, 200 ಎಂದು ಬರೆದ ಅದೇ ಜಾತಿಯ ಕಾರ್ಡುಗಳು ಸಿಕ್ಕುತ್ತವಲ್ಲ ಎಂದು ನೀವು ಕೇಳಬಹುದು. ಅದು ಸುಳ್ಳಲ್ಲ. ಕೆಲವು ತಯಾರಕರು ಕೂಟದ ಕಟ್ಟಳೆಯನ್ನು ಮೀರಿದ ತಮ್ಮದೇ ಉಪಾಯವೊಂದನ್ನು ಕಾರ್ಡಿನಲ್ಲಿ ಅಡಗಿಸಿರುತ್ತಾರೆ. ಆ ಉಪಾಯವನ್ನು ಬಲ್ಲ ರೀಡರಿನಲ್ಲಿ ಹಾಕಿದರೆ ಮಾತ್ರ ಅದು ಹೊರಗೆ ಬರುತ್ತದೆ. ಸಾಮಾನ್ಯ ಫೋನಿನೊಳಗೆ ಆ 200ರ ಕಾರ್ಡೂ 104ರ ದಾರಿಯಲ್ಲೇ ನಡೆಯಬೇಕು.

ಇನ್ನು ‘ಎ’ ಅಕ್ಷರದ ಮುಂದಿನ 1 ಅಥವಾ 2. ಇದು 2016ರಿಂದೀಚೆಗೆ ಬಂದದ್ದು, ಫೋನಿನ ಆ್ಯಪ್‌ಗಳನ್ನು ಕಾರ್ಡಿನಿಂದಲೇ ನಡೆಸುವವರಿಗಾಗಿ. ಎ1 ಎಂದರೆ ಚದುರಿಬಿದ್ದ ಸಣ್ಣ ಚೂರುಗಳನ್ನು ಸೆಕೆಂಡಿಗೆ ಕನಿಷ್ಠ 1,500 ಬಾರಿ ಓದಬೇಕು, 500 ಬಾರಿ ಬರೆಯಬೇಕು. ಎ2ರಲ್ಲಿ ಇದು 4,000 ಮತ್ತು 2,000. ಎ2ರ ಪೂರ್ಣ ಲಾಭ ಸಿಕ್ಕಬೇಕಾದರೆ ಫೋನೂ ಅದಕ್ಕೆ ತಕ್ಕ ಏರ್ಪಾಡನ್ನು ಹೊಂದಿರಬೇಕು. ಇಲ್ಲದಿದ್ದರೆ ಕೊಟ್ಟ ಹೆಚ್ಚಿನ ಹಣ ಹೆಚ್ಚಿನ ಹಣವಾಗಿಯೇ ಉಳಿಯುತ್ತದೆ.

ಸಣ್ಣ ಚೂರುಗಳಿಗೆ ಬೇರೆ ಲೆಕ್ಕವೇಕೆ ಎಂಬುದು ಈ ವಿಷಯದ ಜೀವಾಳ. ಅದನ್ನು ಹೇಳಲು ನಮ್ಮ ಜಿಲ್ಲೆಯವರಿಗೆ ರೇಷ್ಮೆಗಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು. ರಾಮನಗರದ ಗೂಡಿನ ಮಾರುಕಟ್ಟೆ ಹೆಸರಾದದ್ದು. ಅಲ್ಲಿ ಹರಾಜಾದ ಗೂಡು ನೂಲು ಬಿಚ್ಚುವವರ ಮನೆ ಸೇರುತ್ತದೆ. ಬೇಯಿಸಿದ ಗೂಡನ್ನು ಬಿಸಿನೀರಿನಲ್ಲಿ ಬಿಟ್ಟು, ಅದರ ಮೈ ಸವರಿ, ಎಳೆಯ ತುದಿಯನ್ನು ಹುಡುಕಿ ಹಿಡಿಯಬೇಕು. ತುದಿ ಸಿಕ್ಕಿದ ಮೇಲೆ ರಾಟೆ ಸಲೀಸಾಗಿ ತಿರುಗುತ್ತದೆ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಒಂದೇ ಎಳೆ ಸಾವಿರ ಮೀಟರಿನಷ್ಟು ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ. ಆದರೆ ಗೂಡು ಕೆಟ್ಟದ್ದಾಗಿ, ಎಳೆ ಹತ್ತು ಹತ್ತು ಮೀಟರಿಗೆ ತುಂಡಾಗುತ್ತಿದೆ ಎಂದಿಟ್ಟುಕೊಳ್ಳಿ. ಪ್ರತಿಸಲವೂ ರಾಟೆ ನಿಲ್ಲಿಸಿ ತುದಿ ಹುಡುಕಬೇಕು. ಇಡೀ ದಿನ ದುಡಿದರೂ ನೂಲು ಕೈಹಿಡಿಯಷ್ಟೆ. ರಾಟೆಯ ವೇಗ ತಗ್ಗಿಲ್ಲ. ಹೊತ್ತು ಹೋದದ್ದು ತುದಿ ಹುಡುಕುವುದರಲ್ಲಿ.

ಒಂದು ಗಂಟೆಯ ವಿಡಿಯೊ ಒಂದೇ ಉದ್ದನೆಯ ಎಳೆ. ವಾಟ್ಸಾಪಿನಲ್ಲಿ ದಿನಬೆಳಗಾದರೆ ಬಂದು ಬೀಳುವ ಶುಭೋದಯದ ಚಿತ್ರಗಳು ತುಂಡು ಎಳೆಗಳು. ಪ್ರತಿಯೊಂದು ಫೈಲನ್ನು ತೆರೆಯಬೇಕು, ಹೆಸರು ಬರೆಯಬೇಕು, ತಾರೀಕು ಹಾಕಬೇಕು, ಮುಚ್ಚಬೇಕು. ಸರಕು ಅಂಗೈಯಷ್ಟು, ಕಡತದ ಕೆಲಸ ಆಳುದ್ದ. ಅಕ್ಕನ ಮಗನ 48 ಗಿಗಾಬೈಟಿನಲ್ಲಿ ಹಾಡಿನ ವಿಡಿಯೊಗಳು ಸುಮಾರು 30. ಉಳಿದ 18ರಲ್ಲಿ ಇದ್ದವು ಇಂಥ ಹತ್ತಾರು ಸಾವಿರ ತುಂಡುಗಳು. ಒಂದೊಂದಕ್ಕೆ ಸೆಕೆಂಡಿನ ಮೂರನೆಯ ಒಂದು ಭಾಗ ಹಿಡಿದರೂ 60,000 ತುಂಡುಗಳಿಗೆ ಐದೂವರೆ ಗಂಟೆ ಆಯಿತು. ಆರು ಗಂಟೆಯ ಬಹುಭಾಗವನ್ನು ನುಂಗುತ್ತಿದ್ದದ್ದು ಅಜ್ಜಿಯ ಹಾಡಲ್ಲ, ಬಂಧುಮಿತ್ರರ ಶುಭೋದಯ.

ಬರೆಯುವುದು ಓದುವುದಕ್ಕಿಂತ ನಿಧಾನವಾಗಲು ಮತ್ತೊಂದು ಕಾರಣ ಕಾರ್ಡಿನ ಒಡಲಿನಲ್ಲೇ ಇದೆ. ಇದರೊಳಗಿರುವುದು ಫ್ಲಾಷ್ ಮೆಮೊರಿ. 1980ರ ದಶಕದಲ್ಲಿ ಜಪಾನಿನ ತೋಷಿಬಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಫುಜಿಯೊ ಮಸುವೊಕ ಎಂಬ ಎಂಜಿನಿಯರು ರೂಪಿಸಿದ್ದು. ಸಿಲಿಕಾನಿನ ಕೋಶಗಳೊಳಗೆ ವಿದ್ಯುತ್ಕಣಗಳನ್ನು ಸೆರೆಹಿಡಿದಿಡುವುದೇ ಇಲ್ಲಿ ಬರೆವಣಿಗೆ. ಕರೆಂಟು ಹೋದರೂ ಕಣಗಳು ಹೊರಗೆ ಹೋಗುವುದಿಲ್ಲ, ಆದುದರಿಂದ ನೆನಪು ಉಳಿಯುತ್ತದೆ. ಇದರ ಒಂದು ಸ್ವಭಾವವೆಂದರೆ, ಬರೆಯುವಾಗ ಪುಟ ಪುಟವಾಗಿ ಬರೆಯಬಹುದು, ಅಳಿಸುವಾಗ ಮಾತ್ರ ನೂರಾರು ಪುಟಗಳ ಇಡೀ ಕಂತೆಯನ್ನು ಒಟ್ಟಿಗೆ ಅಳಿಸಬೇಕು. ಹೀಗೆ ಒಮ್ಮೆಲೇ ಅಳಿಸಿಹೋಗುವುದನ್ನು ನೋಡಿ ಮಸುವೊಕರ ಸಹೋದ್ಯೋಗಿಯೊಬ್ಬರಿಗೆ ಕ್ಯಾಮೆರದ ಫ್ಲಾಷ್ ನೆನಪಾಯಿತಂತೆ. ಹೆಸರು ಬಂದದ್ದು ಹಾಗೆ. ಶಾಲೆಯ ಹುಡುಗ ಸ್ಲೇಟಿನಲ್ಲಿ ಒಂದು ಅಕ್ಷರ ತಿದ್ದಬೇಕಾದರೆ ಬೆರಳಿನಿಂದ ಅದೊಂದನ್ನೇ ಒರೆಸುತ್ತಾನೆ. ಫ್ಲಾಷಿನಲ್ಲಿ ಆ ಬೆರಳಿಲ್ಲ. ಬೇಕಾದ ಅಕ್ಷರಗಳನ್ನು ಬೇರೆ ಸ್ಲೇಟಿಗೆ ನಕಲು ಮಾಡಿಕೊಂಡು, ಈ ಸ್ಲೇಟನ್ನು ಪೂರ್ತಿ ತೊಳೆಯಬೇಕು. ತುಂಬಿತುಳುಕುವ ಕಾರ್ಡಿನಲ್ಲಿ ಖಾಲಿ ಸ್ಲೇಟುಗಳು ಸಿಕ್ಕುವುದೇ ಕಷ್ಟ. ಹೊಸದರಲ್ಲಿ ಓಡುತ್ತಿದ್ದ ಕಾರ್ಡು ತುಂಬುತ್ತ ಬಂದಂತೆ ತೆವಳುವುದಕ್ಕೆ ಇದು ಮುಖ್ಯ ಕಾರಣ. ಅದು ಕಾರ್ಡಿನ ಸಾವಲ್ಲ, ಜಾಗವಿಲ್ಲದ ಇಕ್ಕಟ್ಟು.

ಇದರ ಜೊತೆಗೆ ಅನೇಕ ಕಾರ್ಡುಗಳಲ್ಲಿ ಒಂದು ಜಗಲಿ ಇರುತ್ತದೆ. ಸುಗ್ಗಿಯ ಗಾಡಿ ಬಂದಾಗ ಮೂಟೆಗಳನ್ನು ಮೊದಲು ಜಗಲಿಗೆ ಇಳಿಸಿ ಆಮೇಲೆ ಕಣಜಕ್ಕೆ ಸುರಿಯುವುದಿಲ್ಲವೆ, ಹಾಗೆ. ಜಗಲಿಯಲ್ಲಿ ಬೇಗ ಇಳಿಸಬಹುದು. ಆದರೆ ಗಾಡಿಗಳು ಸಾಲುಗಟ್ಟಿ ಬಂದರೆ ಜಗಲಿ ತುಂಬುತ್ತದೆ; ಆಮೇಲೆ ಬಂದವರು ಕಣಜದ ಬಾಯಿಯಲ್ಲಿ ಸರದಿ ಕಾಯಬೇಕು. ಫೈಲನ್ನು ಹಾಕತೊಡಗಿದಾಗ ಮೊದಲ ಒಂದೆರಡು ನಿಮಿಷ 60, 70 ಎಂದು ಜಿಗಿದ ವೇಗ ಆಮೇಲೆ 15ಕ್ಕೋ 20ಕ್ಕೋ ಇಳಿದು ಅಲ್ಲೇ ನಿಲ್ಲುವುದನ್ನು ನೀವು ನೋಡಿರಬಹುದು. ಕಾರ್ಡು ದಣಿದದ್ದಲ್ಲ, ಜಗಲಿ ತುಂಬಿದ್ದು.

ಇಲ್ಲಿಯವರೆಗೆ ಹೇಳಿದ್ದು ಕಾರ್ಡಿನ ವಿಚಾರ. ಆದರೆ ಹಾರೋಹಳ್ಳಿಯ ಅಂಗಡಿಯ ಮುಂದೆ ಕೇಳಿಬರುವ ದೂರುಗಳಲ್ಲಿ ಹೆಚ್ಚಿನವುಗಳ ಮೂಲ ಕಾರ್ಡಿನಲ್ಲಿಲ್ಲ, ಕೇಬಲಿನಲ್ಲಿದೆ. ಫೋನಿನೊಡನೆ ಬರುವ ಕೇಬಲು ಬಹುಮಟ್ಟಿಗೆ ಚಾರ್ಜು ಮಾಡಲೆಂದೇ ಕೊಟ್ಟದ್ದು. ಅದು ನಡೆಯುವುದು 2000ನೆಯ ಇಸವಿಯಲ್ಲಿ ಬಂದ ಯುಎಸ್‌ಬಿ 2.0 ಎಂಬ ಕಟ್ಟಳೆಯಂತೆ. ಅದರ ವೇಗ ಸೆಕೆಂಡಿಗೆ 480 ಮೆಗಾಬಿಟ್. ಗಮನಿಸಿ, ಬಿಟ್; ಬೈಟಲ್ಲ. ಎಂಟು ಬಿಟ್ ಸೇರಿದರೆ ಒಂದು ಬೈಟು. ಆದುದರಿಂದ 480ನ್ನು 8ರಿಂದ ಭಾಗಿಸಿ 60 ಮೆಗಾಬೈಟು ಎಂದುಕೊಳ್ಳಬೇಕು. ವ್ಯವಹಾರದಲ್ಲಿ ಸಿಕ್ಕುವುದು 30ರಿಂದ 40. ನೂರು ಹರಿಸಬಲ್ಲ ಕೆರೆಗೆ ಮೂವತ್ತೈದರ ತೂಬನ್ನು ಇಟ್ಟರೆ ಗದ್ದೆಗೆ ಬರುವುದು ಮೂವತ್ತೈದೇ. ಕಾರ್ಡನ್ನು ಬದಲಿಸಿ ಇನ್ನೂರರದ್ದನ್ನು ತಂದರೂ ಬರುವುದು ಮೂವತ್ತೈದೇ. ಹೊಸ ಕಾರ್ಡಿನ ಹಣ ಸುಮ್ಮನೆ ಹೋಗುತ್ತದೆ.

ಈಗಿನ ಫೋನುಗಳಲ್ಲಿ ಎರಡು ಕಡೆಯೂ ಒಂದೇ ರೀತಿ ಕೂರುವ ಟೈಪ್-ಸಿ ಬಾಯಿ ಇರುತ್ತದೆ. ಅದನ್ನು ನೋಡಿ ವೇಗವೂ ಹೊಸದೇ ಇರಬೇಕೆಂದು ಜನ ನಂಬುತ್ತಾರೆ. ಟೈಪ್-ಸಿ ಎಂಬುದು ಬಾಯಿಯ ಆಕಾರದ ಹೆಸರು ಮಾತ್ರ. ಒಳಗೆ 2000ನೆಯ ಇಸವಿಯ 480 ಮೆಗಾಬಿಟ್ಟೇ ಇರಬಹುದು, 2008ರಲ್ಲಿ ಬಂದ ಯುಎಸ್‌ಬಿ 3.0ರ 5,000 ಮೆಗಾಬಿಟ್ಟೂ ಇರಬಹುದು. ಅಗ್ಗದ ಫೋನುಗಳ ಮಾತು ಹಾಗಿರಲಿ, 2023ರಲ್ಲಿ ಬಂದ ಐಫೋನ್ 15ರ ಸಾಮಾನ್ಯ ಮಾದರಿಯಲ್ಲೂ ಟೈಪ್-ಸಿ ಬಾಯಿಯ ಹಿಂದೆ ಇರುವುದು ಯುಎಸ್‌ಬಿ 2.0ರ ವೇಗವೇ. ಹೊಸ ಹೆಬ್ಬಾಗಿಲು, ಹಿಂದೆ ಹಳೆಯ ಓಣಿ.

ಇಷ್ಟೂ ಸಾಲದೆಂಬಂತೆ ಫೋನು ಕಂಪ್ಯೂಟರಿನೊಡನೆ ಮಾತನಾಡುವ ರೀತಿಯೂ ಬೇರೆ. ಹಳೆಯ ಆಂಡ್ರಾಯ್ಡ್ ಫೋನುಗಳು ತಮ್ಮ ಕಾರ್ಡನ್ನು ಪೂರ್ತಿಯಾಗಿ ಕಂಪ್ಯೂಟರಿನ ವಶಕ್ಕೆ ಕೊಟ್ಟು ಸುಮ್ಮನಿರುತ್ತಿದ್ದವು. ಈಗಿನವು ಎಂಟಿಪಿ ಎಂಬ ಮಧ್ಯಸ್ಥಿಕೆಯ ಮೂಲಕ ಒಂದೊಂದೇ ಫೈಲನ್ನು ತಾವೇ ಎತ್ತಿಕೊಡುತ್ತವೆ. ಕಣಜದ ಬೀಗದಕೈಯನ್ನು ಕೊಡದೆ, ಕೇಳಿದಷ್ಟನ್ನು ಮೊರದಲ್ಲಿ ತಂದು ಸುರಿಯುವ ಯಜಮಾನನ ಹಾಗೆ. ಇದರಿಂದ ಸುರಕ್ಷತೆ ಹೆಚ್ಚಿದೆ. ಕಂಪ್ಯೂಟರು ನೋಡುತ್ತಿರುವಾಗಲೂ ಫೋನು ತನ್ನ ಕಾರ್ಡನ್ನು ಬಳಸಬಹುದು. ಆದರೆ ಸಾವಿರಾರು ಸಣ್ಣ ಫೈಲುಗಳಿದ್ದಾಗ ಈ ಮೊರದ ಲೆಕ್ಕ ಮುಗಿಯುವುದಿಲ್ಲ. ಒಂದು ಫೋಲ್ಡರನ್ನು ತೆರೆದರೆ ಪಟ್ಟಿ ಕಾಣಿಸಿಕೊಳ್ಳುವುದಕ್ಕೇ ಎಷ್ಟೋ ಹೊತ್ತು ಹಿಡಿಯುವುದು ಇದರಿಂದಲೇ.

ಅಕ್ಕನ ಮಗನಿಗೆ ಮಾಡಲು ಹೇಳಿದ್ದು ಇಷ್ಟೆ: ಫೋನನ್ನು ಆರಿಸಿ ಕಾರ್ಡನ್ನು ಹೊರಗೆ ತೆಗೆ, ಯುಎಸ್‌ಬಿ 3.0ರ ರೀಡರೊಂದನ್ನು ತಂದು ಲ್ಯಾಪ್‌ಟಾಪಿನ ಅದೇ ಜಾತಿಯ ಬಾಯಿಗೆ ಸಿಕ್ಕಿಸು (ಆ ಬಾಯಿಯ ಒಳನಾಲಿಗೆ ಸಾಮಾನ್ಯವಾಗಿ ನೀಲಿಬಣ್ಣದ್ದು); ಎಲ್ಲವನ್ನೂ ಒಟ್ಟಿಗೆ ಎಳೆಯದೆ, ಹಾಡಿನ ಫೋಲ್ಡರನ್ನು ಮಾತ್ರ ಮೊದಲು ತೆಗೆದುಕೊ. ವೇಗ 80ರ ಆಸುಪಾಸಿನಲ್ಲಿ ನಿಂತಿತು. ಮೂವತ್ತು ಗಿಗಾಬೈಟು ಏಳು ನಿಮಿಷದೊಳಗೆ ಬಂದು ಸೇರಿತು. “ಅಂದ್ರೆ ಕಾರ್ಡು ಚೆನ್ನಾಗೇ ಇತ್ತಾ, ಮಾವ?” ಎಂದ. ಚೆನ್ನಾಗಿಯೇ ಇತ್ತು. ಶುಭೋದಯಗಳನ್ನು ಅವನು ಆಮೇಲೆ ಬಿಡುವಾಗಿ ವಿಂಗಡಿಸಿ, ಬಹುಪಾಲನ್ನು ಬಿಟ್ಟುಕೊಟ್ಟನೆಂದು ಕೇಳಿದೆ.

ಯಾರಿಗೆ ಎಷ್ಟು ವೇಗ ಬೇಕು ಎಂಬುದನ್ನೂ ಒಂದಿಷ್ಟು ನೋಡಬೇಕು. ಬರಿಯ ದನಿಯನ್ನು ಮುದ್ರಿಸುವವನಿಗೆ ಈ ಅಂಕಿಗಳ ಗೊಡವೆಯೇ ಬೇಡ. ಸ್ಟುಡಿಯೊ ಮಟ್ಟದ ಅತ್ಯುತ್ತಮ ಧ್ವನಿಮುದ್ರಣ, ಅಂದರೆ ಸೆಕೆಂಡಿಗೆ 48,000 ಮಾದರಿಗಳು, ಮಾದರಿಗೆ 24 ಬಿಟ್, ಎಡ ಬಲ ಎರಡು ವಾಹಿನಿ, ಇದಕ್ಕೂ ಸೆಕೆಂಡಿಗೆ ಮೆಗಾಬೈಟಿನ ಮೂರನೆಯ ಒಂದು ಭಾಗ ಕೂಡ ಬೇಡ. ಒಂದು ಗಂಟೆಗೆ ಹೆಚ್ಚುಕಡಿಮೆ ಒಂದು ಗಿಗಾಬೈಟು. ‘ಸಿ’ಯೊಳಗೆ 2 ಇರುವ ಹಳೆಯ ಕಾರ್ಡೂ ಅದನ್ನು ಹೊರುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ಟಿನ ಒಳ್ಳೆಯ 4ಕೆ ವಿಡಿಯೊಗೆ ಬೇಕಾದದ್ದು ಹನ್ನೆರಡೂವರೆ ಮೆಗಾಬೈಟು. ಅಲ್ಲಿಗೆ ‘ಯು’ 3 ಅಥವಾ ‘ವಿ’ 30 ಇದ್ದರೆ ಧಾರಾಳ. ಮದುವೆಯ ಮನೆಯಲ್ಲಿ ಧಾರೆಯ ಹೊತ್ತಿಗೆ ಚಿತ್ರ ನಿಂತುಹೋಯಿತೆಂದರೆ ಕನಿಷ್ಠದ ಭರವಸೆಯಿಲ್ಲದ ಕಾರ್ಡನ್ನು ಹಾಕಿದ್ದಿರಬೇಕು. ಓದುವ ವೇಗದ ದೊಡ್ಡ ಅಂಕಿ ಆ ಹೊತ್ತಿನಲ್ಲಿ ಯಾರನ್ನೂ ಕಾಪಾಡುವುದಿಲ್ಲ.

ನಿಜವಾಗಿಯೂ ಕೆಟ್ಟ ಕಾರ್ಡುಗಳು ಇಲ್ಲವೆಂದು ನಾನು ಹೇಳುತ್ತಿಲ್ಲ. ಕೆಟ್ಟದ್ದಕ್ಕಿಂತ ಕೇಡು ಮಾಡುವಂಥದ್ದು ನಕಲಿ. ಕಾರ್ಡಿನೊಳಗೆ ಸರಕಿನ ಲೆಕ್ಕ ನೋಡಿಕೊಳ್ಳುವ ಶಾನುಭೋಗನಂಥ ಒಂದು ಚಿಪ್ಪು ಇರುತ್ತದೆ. ನಕಲಿ ಮಾಡುವವರು ಆ ಶಾನುಭೋಗನಿಗೇ ಸುಳ್ಳು ಕಲಿಸುತ್ತಾರೆ. ಒಳಗಿರುವುದು 8 ಗಿಗಾಬೈಟು, ಅದು ಹೇಳುವುದು 128. ಮೊದಲ ಎಂಟು ತುಂಬುವವರೆಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಆಮೇಲೆ ಹಾಕಿದ್ದು ಪಟ್ಟಿಯಲ್ಲಿ ಹೆಸರಾಗಿ ಕಾಣುತ್ತದೆ, ತೆರೆದರೆ ಏನೂ ಇರುವುದಿಲ್ಲ. ಕೆಲವೊಮ್ಮೆ ಹಳೆಯದರ ಮೇಲೆಯೇ ಹೊಸದು ಕುಳಿತು ಎರಡೂ ಹಾಳಾಗುತ್ತವೆ. ಇದನ್ನು ಪರೀಕ್ಷಿಸಲು ಎಚ್2ಟೆಸ್ಟ್‌ಡಬ್ಲ್ಯು, ಎಫ್3 ಮೊದಲಾದ ಉಚಿತ ತಂತ್ರಾಂಶಗಳು ಇವೆ. ಅವು ಕಾರ್ಡಿನ ಪೂರ್ತಿ ಜಾಗಕ್ಕೂ ಗುರುತಿನ ಅಕ್ಷರಗಳನ್ನು ತುಂಬಿ, ಮತ್ತೆ ಓದಿ ತಾಳೆ ನೋಡುತ್ತವೆ. ಹೊತ್ತು ಹಿಡಿಯುತ್ತದೆ, ಆದರೆ ಕಾರ್ಡನ್ನು ಕೊಂಡ ದಿನವೇ, ಅದು ಖಾಲಿಯಿರುವಾಗಲೇ, ಮಾಡಿಮುಗಿಸಬೇಕಾದ ಕೆಲಸ. 64 ಎಂದು ಕೊಂಡದ್ದು ಫೋನಿನಲ್ಲಿ 59 ಚಿಲ್ಲರೆ ಎಂದು ಕಂಡರೆ ಮಾತ್ರ ಗಾಬರಿ ಬೇಡ. ಅದು ವಂಚನೆಯಲ್ಲ; ತಯಾರಕರು ಸಾವಿರದ ಲೆಕ್ಕದಲ್ಲೂ ಫೋನು 1,024ರ ಲೆಕ್ಕದಲ್ಲೂ ಎಣಿಸುವುದರಿಂದ ಬರುವ ವ್ಯತ್ಯಾಸ.

ವೇಗವೆಂಬ ಮಾತು ದನಿಯನ್ನು ಹಿಡಿದಿಡುವವರಿಗೆ ಹೊಸದೇನಲ್ಲ. ಸ್ಪೂಲಿನ ಟೇಪು ಯಂತ್ರದಲ್ಲಿ ಸೆಕೆಂಡಿಗೆ 19 ಸೆಂಟಿಮೀಟರು, ಒಂಬತ್ತೂವರೆ ಸೆಂಟಿಮೀಟರು ಎಂಬ ವೇಗಗಳಿದ್ದವು. ಕ್ಯಾಸೆಟ್ಟಿನಲ್ಲಿ ನಾಲ್ಕು ಮುಕ್ಕಾಲು. ಅಲ್ಲಿ ವೇಗ ಹೆಚ್ಚಿದಷ್ಟೂ ದನಿ ಸ್ವಚ್ಛ, ಟೇಪಿನ ಖರ್ಚೂ ಹೆಚ್ಚು. ಒಂದು ಗಂಟೆಯ ಹಾಡನ್ನು ಮನೆಯ ಯಂತ್ರದಲ್ಲಿ ಇನ್ನೊಂದು ಟೇಪಿಗೆ ಇಳಿಸಲು ಒಂದು ಗಂಟೆಯೇ ಬೇಕಿತ್ತು. ಇಳಿಸುವವನು ಕುಳಿತು ಕೇಳುತ್ತಿದ್ದ, ಹಾಗಾಗಿ ಎಲ್ಲಿ ಕೆಟ್ಟಿದೆ ಎಂಬುದೂ ಅವನಿಗೆ ಗೊತ್ತಾಗುತ್ತಿತ್ತು. ಎಚ್. ಎಲ್. ನಾಗೇಗೌಡರು ಕಟ್ಟಿದ, 1994ರಲ್ಲಿ ರಾಮನಗರದ ಬಳಿ ತೆರೆದ ಜಾನಪದ ಲೋಕದಲ್ಲಿ ಹಳ್ಳಿಗರ ಹಾಡು ಕಥೆಗಳ ಧ್ವನಿಮುದ್ರಣಗಳನ್ನು ಕೂಡಿಟ್ಟಿದ್ದಾರೆ. ಅಂಥ ಸಂಗ್ರಹವನ್ನು ನೋಡಿದವರಿಗೆ, ಮುದ್ರಿಸಿಕೊಳ್ಳುವುದು ಅರ್ಧ ಕೆಲಸವೆಂಬುದು ತಿಳಿದಿರುತ್ತದೆ. ಉಳಿದರ್ಧ, ಒಂದು ವಾಹಕದಿಂದ ಇನ್ನೊಂದಕ್ಕೆ ಕಾಲಕಾಲಕ್ಕೆ ಸಾಗಿಸುತ್ತಲೇ ಇರುವುದು.

ಏಕೆಂದರೆ ಕಾರ್ಡು ದೀರ್ಘಕಾಲ ಇಟ್ಟುಕೊಳ್ಳುವ ಉಗ್ರಾಣವಲ್ಲ. ಕೋಶಗಳಲ್ಲಿ ಸೆರೆಯಾದ ವಿದ್ಯುತ್ಕಣಗಳು ವರ್ಷಗಳು ಕಳೆದಂತೆ ಸೋರುತ್ತವೆ; ಬಿಸಿಯಲ್ಲಿ ಇನ್ನೂ ಬೇಗ. ಅಳಿಸಿ ಬರೆದು ಅಳಿಸಿ ಬರೆದು ಸವೆದ ಕೋಶಗಳಲ್ಲಿ ಸೋರಿಕೆ ಹೆಚ್ಚು. ಪ್ರತಿ ಮಾಡುತ್ತಿರುವಾಗ ನಿಧಾನವಾಯಿತೆಂದು ಬೇಸತ್ತು ಕೇಬಲನ್ನು ಕಿತ್ತುಬಿಟ್ಟರಂತೂ ಅರ್ಧ ಬರೆದ ಫೈಲು ಉಳಿಯುತ್ತದೆ. ಕಾರ್ಡಿನ ವಿಳಾಸಪಟ್ಟಿಯೇ ಕೆಟ್ಟುಹೋದರೆ ಒಳಗಿರುವುದೂ ಕಾಣದಂತಾಗುತ್ತದೆ. ಇಂಥ ಮುದ್ರಣಗಳನ್ನು ಇಟ್ಟುಕೊಂಡಿರುವವರು ಫೈಲುಗಳನ್ನು ‘ಸರಿಸು’ ಎನ್ನದೆ ‘ಪ್ರತಿ ಮಾಡು’ ಎಂದೇ ಆಜ್ಞೆ ಕೊಡಬೇಕು. ಎರಡು ಬೇರೆ ಬೇರೆ ಡಿಸ್ಕುಗಳಿಗೆ ಇಳಿಸಿ, ಒಂದನ್ನು ಬೇರೊಂದು ಮನೆಯಲ್ಲಿಡಬೇಕು. ಇಳಿಸಿದ್ದನ್ನು ಮೊದಲು, ನಡುವೆ, ಕೊನೆಯಲ್ಲಿ ತೆರೆದು ಕಿವಿಯಾರೆ ಕೇಳಬೇಕು. ಕಾರ್ಡನ್ನು ಫಾರ್ಮ್ಯಾಟ್ ಮಾಡುವುದು ಅದಾದ ಮೇಲೆ.